ಶೇಕಡಾ 63ಕ್ಕೆ ನಿಂತ ಡಿವಿಡಿ

“ಈ ಕಾಲದಲ್ಲಿ ಡಿವಿಡಿ ಯಾರು ನೋಡ್ತಾರೆ?” ಎಂದು ನೀವು ಮೂಗು ಮುರಿಯುವ ಮುಂಚೆ ನಮ್ಮ ಅತ್ತೆಯವರ ವಿಷಯ ಒಂದಿಷ್ಟು ಕೇಳಿ. ಅವರಿಗೀಗ 78. ನಮ್ಮ ಜೊತೆ ಸಾಗರಕ್ಕೆ ಬಂದಿರಿ ಎಂದರೆ “ಕೊಟ್ಟಿಗೆ ಯಾರು ನೋಡ್ಕೋತಾರೆ?” ಅನ್ನುತ್ತಾರೆ. ಭಾವನವರ ಸಂಸಾರದ ಜೊತೆ ಹಳ್ಳಿಮನೆಯಲ್ಲೇ ಇದ್ದಾರೆ. ಅಲ್ಲಿ ಫೋನಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಮನೆಯಲ್ಲಿರುವುದು ಹಳೆಯ ಡಬ್ಬಾ ಟೀವಿ, ಅದರ ಕೆಳಗೆ ಅಷ್ಟೇ ಹಳೆಯ ಡಿವಿಡಿ ಪ್ಲೇಯರು. ಪೆನ್ ಡ್ರೈವ್ ಚುಚ್ಚುವುದಕ್ಕೆ ಎರಡರಲ್ಲೂ ಜಾಗವಿಲ್ಲ. ಡಿಸ್ಕ್ ಒಳಗೆ ತಳ್ಳುವುದು, ಒಂದು ಗುಂಡಿ ಒತ್ತುವುದು, ಇಷ್ಟು ಮಾತ್ರ ಅತ್ತೆಗೆ ಗೊತ್ತು. ಅದನ್ನು ಮಾವನವರೇ ಕಲಿಸಿದ್ದು.

ಮಾವ ತೀರಿಕೊಂಡಿದ್ದು 2019ರಲ್ಲಿ. ಹೋದ ದೀಪಾವಳಿಗೆ ಹೋಗಿದ್ದಾಗ ಅತ್ತೆ ಒಲೆ ಮುಂದೆ ಕೂತು ಮೆಲ್ಲಗೆ ಕೇಳಿದರು. “ಅವರ ಮಾತು ನಿಮ್ಮ ಮೊಬೈಲಲ್ಲೆಲ್ಲ ಇದೆಯಂತಲ್ಲೇ. ನಂಗೆ ಟೀವಿಲಿ ಬರೋ ಹಾಗೆ ಮಾಡಿಕೊಡ್ತೀಯಾ?” ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಮಾಡಿಕೊಡ್ತೀನಿ ಅಂದುಬಿಟ್ಟೆ. ತಿಥಿಗೆ ಎಲ್ಲರೂ ಸೇರುವಷ್ಟರಲ್ಲಿ ಆಗಬೇಕಿತ್ತು.

ಪೇಟೆಯ ಸ್ಟುಡಿಯೋ ಒಂದಕ್ಕೆ ಹೋಗಿ ವಿಚಾರಿಸಿದೆ. “ಈಗ ಅದನ್ನೆಲ್ಲ ಮಾಡೋದು ಬಿಟ್ಟಿದ್ದೀವಿ ಅಕ್ಕಾ” ಎಂದು ನಕ್ಕು ಕಳಿಸಿದರು. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಕಂಪ್ಯೂಟರ್ ಮೂಲೆಯಲ್ಲಿತ್ತು, ಅದರಲ್ಲಿ ಡಿವಿಡಿ ಬರೆಯುವ ಡ್ರೈವ್ ಕೂಡ ಇತ್ತು. ಇಂಥ ಕೆಲಸಕ್ಕೆಂದೇ ಇರುವ ಒಂದು ಉಚಿತ ತಂತ್ರಾಂಶವನ್ನು ಮಗ ಫೋನಿನಲ್ಲೇ ಹೇಳಿ ಹಾಕಿಸಿದ. ಇಷ್ಟೇ ತಾನೆ ಅಂದುಕೊಂಡೆ!

ನನ್ನ ಬಳಿ ಒಟ್ಟು 23 ತುಣುಕುಗಳಿದ್ದವು. 2003ರಲ್ಲಿ ಮಾವನವರ ಷಷ್ಟ್ಯಬ್ದಿ ಆದಾಗ ಕೊಟ್ಟಿದ್ದ ವಿಸಿಡಿ, ನ್ಯೂಜೆರ್ಸಿಯಲ್ಲಿರುವ ನಾದಿನಿಯ ಹ್ಯಾಂಡಿಕ್ಯಾಮಿನವು, ಅವಳ ಮಗನ ಐಫೋನಿನವು, ಉಳಿದವು ನಮ್ಮ ನಮ್ಮ ಮೊಬೈಲಿನವು. ಎಲ್ಲ ಸೇರಿ ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ. ಸಾಲಾಗಿ ಜೋಡಿಸಿ ಗುಂಡಿ ಒತ್ತಿ ದೋಸೆಗೆ ನೆನೆಹಾಕಲು ಹೋದೆ. ಬಂದು ನೋಡಿದರೆ ಪರದೆಯ ಮೇಲೆ “ಎನ್‌ಕೋಡಿಂಗ್ ಎರರ್” ಎಂದು ಕೆಂಪಕ್ಷರ. ಮತ್ತೆ ಹಾಕಿದೆ. ಮತ್ತೆ ಅದೇ. ಮೂರು ದಿನ ಅದೇ ಹಾಡು.

ನಿಮ್ಮ ಮನೆಯಲ್ಲೂ ಹೀಗೇ ಮಗಳ ನಾಮಕರಣವೋ, ತೌರಿನ ಹಿರಿಯರ ಮಾತೋ ಇದ್ದು ಅದನ್ನು ಡಿಸ್ಕಿಗೆ ಹಾಕಬೇಕೆಂಬ ಆಸೆಯಿದ್ದರೆ ನಾನು ಪಟ್ಟ ಪಾಡು ನೀವು ಪಡಬೇಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎನ್‌ಕೋಡಿಂಗ್ ಅಂದರೇನು?

ಡಿವಿಡಿ ಮೊದಲು ಮಾರುಕಟ್ಟೆಗೆ ಬಂದದ್ದು 1996ರಲ್ಲಿ, ಜಪಾನಿನಲ್ಲಿ. ಆಗ ಗೊತ್ತುಮಾಡಿದ ಕಟ್ಟಳೆಯನ್ನೇ ಪ್ಲೇಯರ್‌ಗಳು ಇವತ್ತಿಗೂ ಹಿಡಿದುಕೊಂಡು ಕೂತಿವೆ. ಚಿತ್ರ ಎಂಪೆಗ್-2 ಎಂಬ ರೀತಿಯಲ್ಲೇ ಇರಬೇಕು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದೂ 720ಕ್ಕೆ 576 ಚುಕ್ಕಿ. ಅಮೆರಿಕದ ಪದ್ಧತಿ ಬೇರೆ, ಸೆಕೆಂಡಿಗೆ ಸುಮಾರು 30 ಚಿತ್ರ, 720ಕ್ಕೆ 480 ಚುಕ್ಕಿ. ಧ್ವನಿ ಎರಡು ಕಡೆಯೂ 48 ಕಿಲೋಹರ್ಟ್ಜ್. ಮೊಬೈಲಿನ ವೀಡಿಯೋ ಈ ಯಾವ ಕಟ್ಟಳೆಗೂ ಸೇರಿದ್ದಲ್ಲ. ಅದನ್ನು ಬಿಡಿಸಿ ಈ ಅಚ್ಚಿಗೆ ಹೊಸದಾಗಿ ಹೊಯ್ಯುವ ಕೆಲಸವೇ ಎನ್‌ಕೋಡಿಂಗ್.

ಇನ್ನೊಂದು ವಿಷಯ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಸೆಕೆಂಡಿಗೆ 25 ಚಿತ್ರಗಳನ್ನೂ ಪೂರ್ತಿಯಾಗಿ ಬರೆದಿಟ್ಟರೆ ಡಿಸ್ಕ್ ಸಾಲುವುದಿಲ್ಲ. ಆದುದರಿಂದ ಒಂದು ಚಿತ್ರವನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತಾರೆ. ನಾವು ರಂಗೋಲಿ ಪೂರ್ತಿ ಅಳಿಸದೆ ನಾಲ್ಕು ಎಳೆ ತಿದ್ದಿ ಹೊಸ ರಂಗೋಲಿ ಮಾಡುವುದಿಲ್ಲವೇ, ಹಾಗೆ. ಮೊಬೈಲಿನ ವೀಡಿಯೋ ಕೂಡ ಇದೇ ಉಪಾಯದ್ದು. ಮೂಲದಲ್ಲಿ ಎಲ್ಲೋ ಒಂದು ಎಳೆ ಕೆಟ್ಟಿದ್ದರೆ ಅದನ್ನು ನಂಬಿಕೊಂಡ ಮುಂದಿನ ಚಿತ್ರಗಳೂ ಕೆಡುತ್ತವೆ. ಹಸಿರು ಚೌಕಗಳು ಕಾಣುವುದು, ಮುಖ ಹರಿದಂತಾಗುವುದು ಇದರಿಂದಲೇ.

ಎಲ್ಲಿ ನಿಂತಿತು, ಬರೆದಿಡಿ

ಮೂರನೆಯ ದಿನ ಮಗನಿಗೆ ಫೋನು ಮಾಡಿ ಅಳುವ ಹಾಗಾದೆ. ಅವನು ಕೇಳಿದ್ದು ಒಂದೇ ಪ್ರಶ್ನೆ. “ಅಮ್ಮಾ, ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತಾ, ಬೇರೆ ಬೇರೆ ಕಡೆ ನಿಲ್ಲುತ್ತಾ?” ನಾನು ನೋಡಿಯೇ ಇರಲಿಲ್ಲ! ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಡಲು ಶುರುಮಾಡಿದೆ. ಒಂದು ಸಲ 41, ಇನ್ನೊಂದು ಸಲ 58.

ಬೇರೆ ಬೇರೆ ಕಡೆ ನಿಲ್ಲುತ್ತಿದ್ದರೆ ತಪ್ಪು ಸಾಮಾನ್ಯವಾಗಿ ವೀಡಿಯೋದ್ದಲ್ಲ, ಕಂಪ್ಯೂಟರಿನದು. ಮೊದಲು ಜಾಗ ನೋಡಿ. ಒಂದು ಡಿಸ್ಕಿನಷ್ಟು ಎನ್‌ಕೋಡ್ ಮಾಡುವಾಗ ಅದು ತಾತ್ಕಾಲಿಕವಾಗಿ ಒಂದು ಕಡೆ ಬರೆದಿಟ್ಟು, ಆಮೇಲೆ ಜೋಡಿಸಿ ಇನ್ನೊಂದು ಸಲ ಬರೆಯುತ್ತದೆ. ಕನಿಷ್ಠ 15 ಜಿಬಿ ಖಾಲಿಯಿದ್ದರೆ ನಿಶ್ಚಿಂತೆ. ನಮ್ಮ ಸಿ ಡ್ರೈವಿನಲ್ಲಿ ಇದ್ದದ್ದು 6. ಮಗನ ಹಳೆಯ ಆಟಗಳನ್ನೆಲ್ಲ ಅವನ ಅಪ್ಪಣೆ ಪಡೆದು ತೆಗೆದೆ.

ಎರಡನೆಯದು ನಿದ್ದೆ. ಯಾರೂ ಮುಟ್ಟದೆ ಅರ್ಧ ಗಂಟೆಯಾದರೆ ಕಂಪ್ಯೂಟರ್ ಮಲಗುವಂತೆ ಇಟ್ಟಿರುತ್ತಾರೆ. ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ಎಂಬುದನ್ನು “ನೆವರ್” ಮಾಡಿ. ಮೂರನೆಯದು ಕಾವು. ಎನ್‌ಕೋಡಿಂಗ್ ಎಂದರೆ ಗಂಟೆಗಟ್ಟಲೆ ಒರಳು ತಿರುವಿದಂತೆ, ಯಂತ್ರಕ್ಕೆ ಪುರುಸೊತ್ತೇ ಇರುವುದಿಲ್ಲ. ನಮ್ಮ ಕಂಪ್ಯೂಟರಿನ ಫ್ಯಾನಿನಲ್ಲಿ ತಲೆದಿಂಬಿಗೆ ತುಂಬುವಷ್ಟು ಧೂಳಿತ್ತು! ಪ್ಲಗ್ ತೆಗೆದು ಮೆತ್ತನೆಯ ಬ್ರಷ್ಷಿನಿಂದ ಒರೆಸಿದ ಮೇಲೆ ಸದ್ದೇ ಕಡಿಮೆಯಾಯಿತು. ಇನ್ನು ಕರೆಂಟು. ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಯುಪಿಎಸ್ ಇಲ್ಲದಿದ್ದರೆ ಮಳೆಯ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಇನ್ನೊಂದು ಸಣ್ಣ ತಂಟೆ. ತುಣುಕುಗಳು ಪೆನ್ ಡ್ರೈವಿನಲ್ಲೋ ಫೋನಿನಲ್ಲೋ ಇದ್ದಂತೆಯೇ ಕೆಲಸ ಮಾಡಬೇಡಿ. ಎಲ್ಲವನ್ನೂ ಕಂಪ್ಯೂಟರಿನ ಒಂದೇ ಫೋಲ್ಡರಿಗೆ ನಕಲು ಮಾಡಿಕೊಳ್ಳಿ. ನಾನು ಪ್ರೀತಿಯಿಂದ “ಅಜ್ಜನ ಜೊತೆ ಪುಟ್ಟಿ” ಎಂದೆಲ್ಲ ಕನ್ನಡದಲ್ಲಿ ಹೆಸರಿಟ್ಟಿದ್ದೆ. ಕೆಲವು ತಂತ್ರಾಂಶಗಳು ಇಂಗ್ಲಿಷಲ್ಲದ ಅಕ್ಷರ ಕಂಡರೆ ಕಡತವೇ ಇಲ್ಲ ಅನ್ನುತ್ತವೆ. ಬೇಸರವಾದರೂ 01, 02, 03 ಎಂದು ಬದಲಾಯಿಸಿ, ಯಾವುದು ಏನೆಂದು ಪುಸ್ತಕದಲ್ಲಿ ಬರೆದುಕೊಂಡೆ.

ಇಷ್ಟಾದ ಮೇಲೆ ಮತ್ತೆ ಹಾಕಿದೆ. 41 ದಾಟಿತು, 58 ದಾಟಿತು, 63ಕ್ಕೆ ನಿಂತಿತು. ಮತ್ತೆ ಹಾಕಿದರೂ 63. ಮೂರನೆಯ ಸಲವೂ 63. ನಮ್ಮವರು ಪೇಪರಿನಿಂದ ತಲೆಯೆತ್ತಿ “ಬಿಟ್ಟುಬಿಡೆ, ಅಮ್ಮನಿಗೆ ಫೋನಲ್ಲೇ ತೋರಿಸಿದರಾಯ್ತು” ಅಂದರು. ಮಗ ಮಾತ್ರ ಖುಷಿಪಟ್ಟ. “ಒಂದೇ ಕಡೆ ನಿಂತರೆ ಒಳ್ಳೇದಮ್ಮಾ. ಯಾವುದೋ ಒಂದು ತುಣುಕು ಕೆಟ್ಟಿದೆ. ಅದನ್ನು ಹುಡುಕು.”

ಅಕ್ಕಿಯಲ್ಲಿ ಕಲ್ಲು ಹುಡುಕಿದಂತೆ

23ರಲ್ಲಿ ಯಾವುದು? ಒಂದೊಂದಾಗಿ ಎನ್‌ಕೋಡ್ ಮಾಡಿ ನೋಡುತ್ತಾ ಕೂತರೆ ತಿಥಿಯೇ ಬಂದುಬಿಡುತ್ತಿತ್ತು. ಮೊರದ ಅಕ್ಕಿಯನ್ನು ಎರಡು ಪಾಲು ಮಾಡಿ ಹುಡುಕಿದಂತೆ ಹುಡುಕಬೇಕು. ಮೊದಲ 12 ತುಣುಕು ಮಾತ್ರ ಹಾಕಿದೆ, ಸರಾಗವಾಗಿ ಮುಗಿಯಿತು. ಅಂದರೆ ಕಲ್ಲು ಇರುವುದು ಉಳಿದ 11ರಲ್ಲಿ. ಅದರಲ್ಲಿ 13ರಿಂದ 18 ಹಾಕಿದೆ, ನಿಂತಿತು. 13ರಿಂದ 15, ಮುಗಿಯಿತು. 16 ಒಂದೇ ಹಾಕಿದೆ, ಮುಗಿಯಿತು. 17 ಹಾಕಿದೆ, ನಿಂತಿತು. ಐದೇ ಸಲಕ್ಕೆ ಸಿಕ್ಕಿತು, ಸಲಸಲಕ್ಕೂ ಕಾಯುವ ಹೊತ್ತೂ ಕಡಿಮೆಯಾಗುತ್ತಾ ಬಂತು. ಕಲ್ಲು ಒಂದೇ ಇರಬೇಕೆಂದೇನಿಲ್ಲ, ನೆನಪಿರಲಿ. ಆಮೇಲೆ ಉಳಿದ ತುಣುಕುಗಳನ್ನೂ ಹಾಕಿ ನೋಡಿಕೊಂಡೆ, ಬೇರೆ ಯಾವುದೂ ತಕರಾರು ಮಾಡಲಿಲ್ಲ.

ಪುಸ್ತಕ ತೆರೆದು 17 ಯಾವುದೆಂದು ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಬೇರೆ ಯಾವುದಾದರೂ ಆಗಿದ್ದರೆ ಬಿಟ್ಟೇಬಿಡುತ್ತಿದ್ದೆ. ಅದು 2018ರ ಬೇಸಿಗೆಯದು. ಮಾವ ಜಗಲಿಯಲ್ಲಿ ಕೂತು ಅಪ್ಪೆಮಿಡಿ ಆರಿಸುತ್ತಾ, ತೊಟ್ಟು ಹೇಗಿರಬೇಕು, ಸೊನೆಯ ಪರಿಮಳ ಹೇಗಿರಬೇಕು ಎಂದು ಮೊಮ್ಮಗಳಿಗೆ ಹೇಳುವುದು. ನಮ್ಮಲ್ಲಿರುವ ವೀಡಿಯೋಗಳಲ್ಲಿ ಅವರು ನಾಲ್ಕು ನಿಮಿಷ ಒಂದೇ ಸಮ ಮಾತಾಡಿರುವುದು ಅದೊಂದರಲ್ಲೇ. ಷಷ್ಟ್ಯಬ್ದಿಯದರಲ್ಲಿ ಬರೀ ಓಲಗ, ಹೊಗೆ, ಊಟದ ಪಂಕ್ತಿ.

“ಆದರೆ ವಿಎಲ್‌ಸಿಯಲ್ಲಿ ಹಾಕಿದರೆ ಓಡ್ತಿದೆಯಲ್ಲೋ!” ಎಂದು ಮಗನ ಮೇಲೆ ರೇಗಿದೆ. ಇಲ್ಲೇ ನಾವೆಲ್ಲ ಮೋಸ ಹೋಗುವುದು. ನೋಡುವ ತಂತ್ರಾಂಶ ಕೆಟ್ಟ ಜಾಗ ಬಂದರೆ ಹಾರಿಕೊಂಡು ಮುಂದಕ್ಕೆ ಹೋಗುತ್ತದೆ, ಎನ್‌ಕೋಡ್ ಮಾಡುವುದು ಹಾರಲಾರದೆ ನಿಂತುಬಿಡಬಹುದು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ಇನ್ನೊಮ್ಮೆ ನೋಡಿದೆ. 2 ನಿಮಿಷ 10 ಸೆಕೆಂಡಿಗೆ ಹಸಿರು ಚೌಕಗಳು, ಧ್ವನಿ ಕಟ್, 2 ನಿಮಿಷ 16 ಸೆಕೆಂಡಿಗೆ ಮತ್ತೆ ಸರಿ. ಆರು ಸೆಕೆಂಡು! ಹಳೆಯ ಫೋನಿನ ಮೆಮೊರಿ ಕಾರ್ಡ್ ಸಾಯುವ ಸ್ಥಿತಿಯಲ್ಲಿದ್ದಾಗ ಅದರಿಂದ ನಕಲು ಮಾಡಿಕೊಂಡಿದ್ದೆವು, ಆಗಲೇ ಹಾಳಾಗಿರಬೇಕು.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ್ದು ಬೇರೆ ನಕಲು ಹುಡುಕುವುದು. ವಾಟ್ಸಾಪಿನಲ್ಲಿ ಯಾರಿಗಾದರೂ ಕಳಿಸಿದ್ದಿರಬಹುದು. ಅದು ಸ್ವಲ್ಪ ಮಸುಕಾಗಿದ್ದರೂ ಹಳೆಯ ಟೀವಿಗೆ ಸಾಕು. ನಾದಿನಿ, ಭಾವನ ಮಕ್ಕಳು, ಎಲ್ಲರನ್ನೂ ಕೇಳಿದೆ. ಫೋನು ಬದಲಾಯಿಸಿದಾಗ ಹೋಯಿತು ಅಂದರು. ಹೊಸದಾಗಿ ನಕಲು ಮಾಡೋಣವೆಂದರೆ ಆ ಕಾರ್ಡ್ ಈಗ ಸತ್ತೇಹೋಗಿತ್ತು.

ಉಳಿದ ದಾರಿ, ಕೆಟ್ಟ ಭಾಗ ಕತ್ತರಿಸುವುದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವಿದೆ. (ಇಂಥದ್ದನ್ನು ಅದರದೇ ಜಾಲತಾಣದಿಂದ ಇಳಿಸಿಕೊಳ್ಳಿ. ಅದೇ ಹೆಸರಿನ ನಕಲಿ ತಾಣಗಳಲ್ಲಿ ವೈರಸ್ ಇರುತ್ತದೆ.) ಅದರಲ್ಲಿ ಕಡತ ತೆರೆದರೆ ಮೇಲೆ “ಚಾಪ್ಟರ್ಸ್” ಎಂದಿರುತ್ತದೆ, ಅದನ್ನು “ಸೆಕೆಂಡ್ಸ್” ಎಂದು ಬದಲಾಯಿಸಬೇಕು. ಎಲ್ಲಿಂದ ಎಲ್ಲಿಯವರೆಗೆ ಬೇಕೆಂದು ಅಲ್ಲಿ ಕೇಳುತ್ತದೆ. 0ಯಿಂದ 129ರವರೆಗೆ ಒಂದು ತುಂಡು, 137ರಿಂದ ಕೊನೆಯವರೆಗೆ ಇನ್ನೊಂದು. ಆಚೆ ಈಚೆ ಒಂದೊಂದು ಸೆಕೆಂಡು ಹೆಚ್ಚೇ ಬಿಟ್ಟೆ, ಬದನೆಕಾಯಿ ಹುಳುಕಿನ ಸುತ್ತ ಸ್ವಲ್ಪ ಜಾಸ್ತಿಯೇ ಕತ್ತರಿಸುವುದಿಲ್ಲವೇ. ಮೂಲವನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ನೀವೂ ಮೂಲ ಕಡತವನ್ನು ಯಾವ ಕಾರಣಕ್ಕೂ ಅಳಿಸಬೇಡಿ.

ಮತ್ತೆ ಎಲ್ಲ ಜೋಡಿಸಿ ಹಾಕಿದೆ. ರಾತ್ರಿ ಹನ್ನೊಂದೂವರೆಗೆ 63 ದಾಟಿದಾಗ ನಮ್ಮವರನ್ನು ಎಬ್ಬಿಸಿ ಹೇಳಿದೆ. ಬೈಸಿಕೊಂಡೆ.

ತುಟಿ ಒಂದು ಕಡೆ, ಮಾತು ಒಂದು ಕಡೆ

ಮುಗಿಯಿತು ಅಂದುಕೊಂಡರೆ ಹೊಸ ಪೀಡೆ. ಕೆಲವು ತುಣುಕುಗಳಲ್ಲಿ ಮೊದಲು ಸರಿಯಿದ್ದು, ಹೋಗ್ತಾ ಹೋಗ್ತಾ ಮಾತು ಹಿಂದೆ ಬೀಳುತ್ತಿತ್ತು. ಇದಕ್ಕೆ ಎರರ್ ಎಂದು ತೋರಿಸುವುದೂ ಇಲ್ಲ, ನಾವೇ ಕೂತು ನೋಡಬೇಕು. ಕಾರಣ ಮೊಬೈಲು. ಸಂಜೆಗತ್ತಲಾದರೆ ಬೆಳಕು ಸಾಲದೆಂದು ಫೋನು ಸೆಕೆಂಡಿಗೆ ತೆಗೆಯುವ ಚಿತ್ರಗಳನ್ನು ಕಡಿಮೆ ಮಾಡಿಬಿಡುತ್ತದೆ, ಬೆಳಕಾದರೆ ಹೆಚ್ಚಿಸುತ್ತದೆ. ಡಿವಿಡಿಗೆ ಈ ಏರಿಳಿತ ಆಗದು. ನಾದಿನಿಯ ಕ್ಯಾಮೆರಾದ್ದು ಅಮೆರಿಕದ ಪದ್ಧತಿ, ಅದರದು ಬೇರೆ ಲೆಕ್ಕ. ಷಷ್ಟ್ಯಬ್ದಿಯ ವಿಸಿಡಿಯಲ್ಲಿ ಚಿತ್ರ 352ಕ್ಕೆ 288 ಚುಕ್ಕಿ ಮಾತ್ರ, ಧ್ವನಿ 44.1 ಕಿಲೋಹರ್ಟ್ಜ್.

ಹೀಗೆ ನಾಲ್ಕು ಬಗೆಯ ಹಿಟ್ಟನ್ನು ಒಂದೇ ಬಾಣಲೆಗೆ ಸುರಿದದ್ದು ನನ್ನದೇ ತಪ್ಪು. ಮೊದಲು ಎಲ್ಲವನ್ನೂ ಒಂದೇ ಹದಕ್ಕೆ ತರಬೇಕು. ಹ್ಯಾಂಡ್‌ಬ್ರೇಕಿನಲ್ಲೇ ವೀಡಿಯೋ ಎಂಬ ಕಡೆ ಫ್ರೇಮ್‌ರೇಟ್ 25 ಮಾಡಿ, ಪಕ್ಕದ “ಕಾನ್‌ಸ್ಟಂಟ್” ಎಂಬುದನ್ನು ಆರಿಸಿ. ಆಡಿಯೋ ಎಂಬ ಕಡೆ 48 ಮಾಡಿ. ಒಂದೊಂದು ತುಣುಕನ್ನೂ ಹೀಗೆ ಪರಿವರ್ತಿಸಿಕೊಂಡು ಆಮೇಲೆ ಡಿವಿಡಿಯ ತಂತ್ರಾಂಶಕ್ಕೆ ಕೊಡಿ. ವಿಸಿಡಿಯ ಒಳಗೆ ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿ “ಡಿಎಟಿ” ಬಾಲದ ಕಡತವಿರುತ್ತದೆ. ಅದನ್ನು ನಕಲು ಮಾಡಿ ಬಾಲವನ್ನು “ಎಂಪಿಜಿ” ಎಂದು ಬದಲಾಯಿಸಿದ ಮೇಲೆ ನಮ್ಮಲ್ಲಿ ತೆರೆಯಿತು. ಐಫೋನಿನ ವೀಡಿಯೋ ಹೊಸ ಬಗೆಯದಾದ್ದರಿಂದ ಹಳೆಯ ತಂತ್ರಾಂಶಗಳಿಗೆ ಅದರ ಗುರುತೇ ಸಿಗದಿರಬಹುದು, ಅದಕ್ಕೂ ಇದೇ ಮದ್ದು. ಯಾವ ತುಣುಕು ಯಾವ ಜಾತಿಯದೆಂದು ತಿಳಿಯಬೇಕಾದರೆ ವಿಎಲ್‌ಸಿಯಲ್ಲಿ ಹಾಕಿ ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ, ಜಾತಕವೆಲ್ಲ ಬರುತ್ತದೆ.

ನಾದಿನಿಯ ತುಣುಕುಗಳಲ್ಲಿ 30ನ್ನು 25 ಮಾಡಿದ್ದಕ್ಕೆ ನಡೆಯುವಾಗ ಸ್ವಲ್ಪ ಕುಲುಕಿದಂತೆ ಕಾಣುತ್ತದೆ. ಅದು ಹೋಗುವುದಿಲ್ಲ. ನಮಗೇನು ಸಿನಿಮಾ ತೆಗೆಯಬೇಕಾಗಿದೆಯೇ!

ಡಿಸ್ಕಿಗೆ ಎಷ್ಟು ಹಿಡಿಯುತ್ತದೆ?

ಡಿಸ್ಕಿನ ಮೇಲೆ 4.7 ಜಿಬಿ ಎಂದು ಅಚ್ಚಾಗಿರುತ್ತದೆ, ಕಂಪ್ಯೂಟರ್ 4.37 ಅನ್ನುತ್ತದೆ. ಮೋಸವಲ್ಲ. ತಯಾರಿಸಿದವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಕಂಪ್ಯೂಟರ್ 1024ರ ಲೆಕ್ಕ. ಇಷ್ಟರಲ್ಲಿ ಎರಡು ಗಂಟೆ ತುಂಬಬೇಕಾದರೆ ಚಿತ್ರ ಧ್ವನಿ ಎರಡೂ ಸೇರಿ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಮೀರಬಾರದು. ತಂತ್ರಾಂಶದಲ್ಲಿ ಇದಕ್ಕೆ ಬಿಟ್‌ರೇಟ್ ಎನ್ನುತ್ತಾರೆ. ಒಂದೇ ಗಂಟೆಯದಾದರೆ 8ರವರೆಗೆ ಧಾರಾಳವಾಗಿ ಕೊಡಿ. ಚಿತ್ರಕ್ಕೆ 9.8 ಮೀರಿದರೆ ಡಿವಿಡಿಯ ಕಟ್ಟಳೆಯೇ ಒಪ್ಪುವುದಿಲ್ಲ. “ಚೆನ್ನಾಗಿ ಬರಲಿ” ಎಂದು ಅದನ್ನೇ ಮೇಲಕ್ಕೇರಿಸಿ ಎರರ್ ತರಿಸಿಕೊಳ್ಳುವವರು ಬಹಳ. ಮೂರು ಗಂಟೆಯದಿದ್ದರೆ ಹಿಟ್ಟಿಗೆ ನೀರು ಬೆರೆಸುವ ಬದಲು ಎರಡು ಡಿಸ್ಕ್ ಮಾಡಿ.

ಇನ್ನೊಂದು ಉಪಾಯ ನನಗೆ ಡಿಸ್ಕುಗಳನ್ನು ಉಳಿಸಿಕೊಟ್ಟಿತು. ಎನ್‌ಕೋಡ್ ಆದ ಕೂಡಲೇ ಡಿಸ್ಕಿಗೆ ಬರೆಯಲು ಬಿಡಬೇಡಿ. ಮೊದಲು ಕಂಪ್ಯೂಟರಿನಲ್ಲೇ ವೀಡಿಯೋ-ಟಿಎಸ್ ಎಂಬ ಫೋಲ್ಡರ್ ಮಾಡಿಸಿಕೊಳ್ಳಿ. ವಿಎಲ್‌ಸಿಯಲ್ಲಿ ಹಾಕಿ ಮೊದಲು, ನಡು, ಕೊನೆ ನೋಡಿ. ಸರಿಯಿದ್ದರೆ ಆಮೇಲೆ ಬರೆಯಿರಿ. ಬರೆಯುವಾಗ ಕೆಟ್ಟರೆ ಅದು ಡಿಸ್ಕಿನದೋ ಡ್ರೈವಿನದೋ ತೊಂದರೆ, ಎನ್‌ಕೋಡಿಂಗ್ ಮತ್ತೆ ಮಾಡಬೇಕಿಲ್ಲ. ವೇಗ 4ಎಕ್ಸ್ ಇಟ್ಟರೆ ನಮ್ಮಂಥ ಹಳೆಯ ಪ್ಲೇಯರ್‌ಗಳಿಗೆ ಹಿತ. ಅಳಿಸಿ ಬರೆಯುವ ಆರ್‌ಡಬ್ಲ್ಯು ಡಿಸ್ಕ್ ಹಲವು ಹಳೆಯ ಪ್ಲೇಯರ್‌ಗಳಿಗೆ ಹಿಡಿಸದು. ನಾನು ದುಡ್ಡು ಉಳಿಸಲು ಹೋಗಿ ಅದನ್ನೇ ಒಯ್ದಾಗ ಅತ್ತೆಯ ಪ್ಲೇಯರು “ನೋ ಡಿಸ್ಕ್” ಅಂತು. ಡಿವಿಡಿ-ಆರ್ ತಂದು ಮತ್ತೆ ಬರೆದೆ. ಮೇಲೆ ಕಾಗದದ ಚೀಟಿ ಅಂಟಿಸಬೇಡಿ, ತಿರುಗುವಾಗ ತೂಕ ತಪ್ಪುತ್ತದೆ. ಮೆತ್ತನೆಯ ಮಾರ್ಕರಿನಲ್ಲಿ ಬರೆದರೆ ಸಾಕು. ಮೆನು ಎಂಬ ಅಲಂಕಾರವನ್ನು ನಾನು ಹಾಕಲಿಲ್ಲ. ಒಳಗೆ ತಳ್ಳಿದ ಕೂಡಲೇ ಶುರುವಾಗಬೇಕು, ಅತ್ತೆಗೆ ಗೊತ್ತಿರುವುದು ಒಂದೇ ಗುಂಡಿಯಲ್ಲವೇ.

ತಿಥಿಯ ಮಾರನೆಯ ದಿನ ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಸೇರಿದೆವು. ಓಲಗದ ಸದ್ದಿಗೆ ಮಕ್ಕಳು ಕುಣಿದರು. ಅತ್ತೆ ಏನೂ ಮಾತಾಡದೆ ಕಂಬಕ್ಕೊರಗಿ ಕೂತಿದ್ದರು. ಜಗಲಿಯ ತುಣುಕು ಬಂತು. ಮಾವ ಮಿಡಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದರು, ತೊಟ್ಟು ಮುರಿದರು, ಮೂಸಿ ನೋಡೆಂದು ಪುಟ್ಟಿಯ ಮೂಗಿಗೆ ಹಿಡಿದರು. ಅಲ್ಲಿಗೆ ಕತ್ತರಿ ಬಿದ್ದ ಜಾಗ. ಚಿತ್ರ ಛಕ್ಕನೆ ಹಾರಿ, ಮಾವ ಒಳಬಾಗಿಲ ಕಡೆ ತಿರುಗಿ ನಗುತ್ತಿರುವಲ್ಲಿಗೆ ಬಂತು. ಎಂಟು ಸೆಕೆಂಡು ಹೋಗಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಯಾರಿಗೂ ಗೊತ್ತಾಗಲೂ ಇಲ್ಲ.

ಅತ್ತೆಗೆ ಗೊತ್ತಾಯಿತು. “ಇಲ್ಲಿ ಸ್ವಲ್ಪ ಹೋಗಿದೆ” ಅಂದರು.

“ಹೌದತ್ತೆ, ಅಷ್ಟು ಕೆಟ್ಟುಹೋಗಿತ್ತು. ಏನು ಮಾಡಿದರೂ ಬರಲಿಲ್ಲ” ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ನನ್ನ ಕೂಗಿದ್ದು ಅಲ್ಲಿ. ‘ಉಪ್ಪಿನ ಭರಣಿ ಎಲ್ಲಿಟ್ಟೆಯೇ, ಈ ವರ್ಷವೂ ಹುಡುಕಬೇಕಾ’ ಅಂದ್ರು. ನಾನು ಒಳಗಿಂದ ‘ನಿಮ್ಮ ಹಿಂದೇ ಇದೆಯಲ್ರೀ’ ಅಂದೆ. ಅದಕ್ಕೇ ನಗ್ತಿರೋದು.” ಹೇಳಿ ಅತ್ತೆ ಸೆರಗು ಸರಿಮಾಡಿಕೊಂಡರು. ಆಮೇಲೆ ಪುಟ್ಟಿಯ ಕಡೆ ತಿರುಗಿ, “ಹಿಂದಕ್ಕೆ ಹಾಕಕ್ಕೆ ಯಾವ ಗುಂಡಿಯೇ? ತೋರಿಸು” ಅಂದರು.